ಬಳೆ ತೆಗೆದಿಡುವ ಕೃತಿಕಾ

ಕೃತಿಕಾಳನ್ನು ನಾನು ಮೊದಲು ಕಂಡದ್ದು ಗುಬ್ಬಿ ಬಸ್‌ಸ್ಟ್ಯಾಂಡ್ ಹತ್ತಿರ, ನನ್ನ ಬಳೆ ಗಾಡಿಯ ಮುಂದೆ. ಯಜಮಾನರು ಹೋದ ಮೇಲೆ ತುಮಕೂರಿನಿಂದ ಮಾಲು ತಂದು ಗಾಡಿಯನ್ನು ನಾನೇ ನಡೆಸುತ್ತಿದ್ದೆ. ಅವಳಿಗಾಗ ಐದು ವರ್ಷವಿರಬಹುದು. ತಾಯಿ ಪ್ರಮೀಳಾಳ ಸೆರಗು ಹಿಡಿದು ನಿಂತಿದ್ದಳು. ಪ್ರಮೀಳಾಳ ಎಡಗೈಯಲ್ಲಿ ಒಂದೇ ಬಳೆ ಉಳಿದಿತ್ತು, ಮಣಿಕಟ್ಟಿನಲ್ಲಿ ಗಾಜು ಗೀರಿದ ಗಾಯ.

"ಬಚ್ಚಲಲ್ಲಿ ಜಾರಿ ಬಿದ್ದೆ ಬಳೆಯಮ್ಮ."

"ಇಲ್ಲ, ಅಪ್ಪ ವಾಚ್ ಬಿಚ್ಚಿಟ್ರು" ಅಂದಿತು ಮಗು. ತಾಯಿ ಅದರ ಬಾಯಿ ಮುಚ್ಚಿದಳು.

ಅವರು ನಮ್ಮ ವಠಾರಕ್ಕೆ ಬಾಡಿಗೆಗೆ ಬಂದ ಮೇಲೆ ಆ ಮಾತು ನನಗೆ ಅರ್ಥವಾಯಿತು. ಕೃತಿಕಾಳ ಅಪ್ಪ ಗೋವಿಂದರಾಜು ಹೆಂಡತಿಗೆ ಹೊಡೆಯುವ ಮುಂಚೆ ವಾಚ್ ಬಿಚ್ಚಿ ಕಿಟಕಿಯಲ್ಲಿ ಇಡುತ್ತಿದ್ದ. ಮಾವ ಮದುವೆಯಲ್ಲಿ ಕೊಟ್ಟ ವಾಚು, ಏಟಿಗೆ ಒಡೆಯಬಾರದು. ಹೊಡೆದಾದ ಮೇಲೆ ಅಂಗಿಯ ತುದಿಯಿಂದ ಒರೆಸಿ ಕಟ್ಟಿಕೊಳ್ಳುತ್ತಿದ್ದ. ಕೃತಿಕಾ ಹೊಸಿಲ ಮೇಲೆ ಕೂತು ನೋಡುತ್ತಿದ್ದಳು, ಅಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ಪಕ್ಕದ ಮನೆಯ ಮೋನಿಕಾ ಅವಳ ಆಟದ ಪಾತ್ರೆ ಕಿತ್ತುಕೊಂಡಳು. ಕೃತಿಕಾ ಕೂಗಾಡಲಿಲ್ಲ. ಕೈಬಳೆಗಳನ್ನು ಒಂದೊಂದಾಗಿ ತೆಗೆದು ಒಗೆಯುವ ಕಲ್ಲಿನ ಮೇಲೆ ಸಾಲಾಗಿ ಇಟ್ಟಳು. ಆಮೇಲೆ ಎರಡೂ ಕೈಯಲ್ಲಿ ಆ ಹುಡುಗಿಯ ಮುಖಕ್ಕೆ ಬಾರಿಸಿದಳು. ನಾನು ಓಡಿಹೋಗಿ ಬಿಡಿಸಿದೆ.

"ಬಳೆ ಯಾಕೆ ತೆಗೆದೆ ಮಗಾ?"

"ಒಡೆದೋದ್ರೆ?"

ಗೋವಿಂದರಾಜು ನಕ್ಕ. "ನನ್ ಮಗಳು ಕಣಮ್ಮ, ಗಂಡು ಹುಡುಗನಂಗವ್ಳೆ!" ವಠಾರದವರೂ ನಕ್ಕರು.

ದೊಡ್ಡವಳಾದ ಮೇಲೆ ಅವಳನ್ನು ಕುಣಿಗಲ್‌ಗೆ ಕೊಟ್ಟರು. ಗಂಡ ಅಂಜನ್‌ಕುಮಾರ್ ಸಾಧು. ಜೋರಾಗಿ ಮಾತಾಡಿದವನೂ ಅಲ್ಲ. ಹೋದ ವರ್ಷ ಎರಡನೇ ಬಸಿರಿನಲ್ಲಿ ಬಳೆ ತೊಡಿಸುವ ಶಾಸ್ತ್ರಕ್ಕೆ ನಾನೇ ಬರಬೇಕೆಂದು ಹೇಳಿಕಳಿಸಿದಳು. ಎರಡೂ ಕೈ ತುಂಬ ಹಸಿರು ಬಳೆ ತೊಡಿಸಿದೆ. ಅಷ್ಟರಲ್ಲಿ ಅವಳ ನಾಲ್ಕು ವರ್ಷದ ಮಗಳು ತನುಶ್ರೀ ಕುಂಕುಮದ ಬಟ್ಟಲು ಉರುಳಿಸಿತು.

ಕೃತಿಕಾ ನಾನು ಆಗ ತಾನೇ ತೊಡಿಸಿದ್ದ ಬಳೆಗಳನ್ನು ತೆಗೆಯತೊಡಗಿದಳು. ಮೂರನೆಯ ಬಳೆ ಕೈಯಿಂದ ಕಳಚುವ ಮುಂಚೆ ಮಗು ಮಂಚದ ಕೆಳಗೆ ಅಡಗಿತ್ತು. ಅವಳು ಉಳಿದವನ್ನೂ ತೆಗೆದಿಟ್ಟು, ಕಾಲು ಹಿಡಿದು ಎಳೆದು ಹೊಡೆದಳು.

ಅತ್ತೆ ಪುಟ್ಟತಾಯಮ್ಮ ಓಡಿಬಂದರು. "ಅಯ್ಯೋ ಶಿವನೇ! ಬಸುರಿ ಹೆಂಗಸು ಬರಿಗೈ ಮಾಡ್ಕೋತಾಳೇನೇ? ಹಾಕ್ಕೊಳ್ಳೇ ಮೊದ್ಲು!"

ಬಂದವರೆಲ್ಲ ಅವಳ ಮಣಿಕಟ್ಟನ್ನೇ ನೋಡುತ್ತಿದ್ದರು. ಮಗುವಿನ ಕೆನ್ನೆಯನ್ನು ಯಾರೂ ನೋಡಲಿಲ್ಲ.

ನಾನು ಮತ್ತೆ ಬಳೆ ತೊಡಿಸಲು ಕೂತೆ. ತನುಶ್ರೀ ಬಿಕ್ಕುತ್ತಲೇ ಮೂಲೆಗೆ ಹೋಗಿ ತನ್ನ ಪ್ಲಾಸ್ಟಿಕ್ ಬಳೆ ತೆಗೆದು ಗೋಡೆಯ ಪಕ್ಕ ಇಟ್ಟಿತು. ಆಮೇಲೆ ಗೊಂಬೆಯ ಕೆನ್ನೆಗೆ ಹೊಡೆಯಿತು.

ಕೃತಿಕಾ ನನ್ನ ಕೈಯೊಳಗಿದ್ದ ತನ್ನ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಮಗುವನ್ನೇ ನೋಡುತ್ತ ತಗ್ಗಿದ ದನಿಯಲ್ಲಿ ಕೇಳಿದಳು:

"ಇವು ಬ್ಯಾಡ ಬಳೆಯಮ್ಮ. ಇದಕ್ಕಿಂತ ಸಣ್ಣ ಅಳತೆ ಹಾಕು. ಕೈ ಗೀರಿದ್ರೂ ಗೀರ್ಲಿ. ಒಂದ್ಸಲ ಹಾಕಿದ್ರೆ ತೆಗೆಯೋಕೇ ಬರದಂಥವು ಇದಾವಾ?"