ಖಾತ್ರಿ ಇಲ್ಲದಿದ್ದರೆ ಬೇಡ ಎನ್ನಿ

ನನಗೆ ‘ಬೇಡ’ ಎನ್ನಲು ಬರುವುದಿಲ್ಲ. ಎಪ್ಪತ್ತು ದಾಟಿದ ಮೇಲೆ ಇದನ್ನು ಒಪ್ಪಿಕೊಳ್ಳುತ್ತಿದ್ದೇನೆ. ಒಪ್ಪಿಸಿದ್ದು ಉಗುರಿಗಿಂತ ತುಸು ದೊಡ್ಡದಾದ ಒಂದು ಚಿಪ್.

ಬೆಟಗೇರಿಯಲ್ಲಿ ಬಹಳ ವರ್ಷ ಮೋಟಾರ್ ರಿವೈಂಡಿಂಗ್ ಅಂಗಡಿ ನಡೆಸಿದವನು ನಾನು, ಓದಿದ್ದು ಹೈಸ್ಕೂಲಿನವರೆಗೆ. ಈಗ ಅದೇ ಅಂಗಡಿಯಲ್ಲಿ ಮಗಳು ಶಶಿಕಲಾ ಕಂಪ್ಯೂಟರ್ ಇಟ್ಟುಕೊಂಡು ಸಣ್ಣಪುಟ್ಟ ಯಂತ್ರ ಮಾಡುತ್ತಾಳೆ. ಶಿಗ್ಲಿಯ ರೈತ ಫಕ್ಕೀರಪ್ಪನ ಉಳ್ಳಾಗಡ್ಡಿ ಗೋದಾಮಿಗೆ ಒಂದು ಪೆಟ್ಟಿಗೆ ಮಾಡಿಕೊಡುವುದು ಆಕೆಗೆ ಸಿಕ್ಕ ಮೊದಲ ಕೆಲಸ. ಗಾಳಿಯಲ್ಲಿ ತೇವ ಏರಿದರೆ ಪೆಟ್ಟಿಗೆ ತಾನೇ ಫ್ಯಾನ್ ಹಾಕಬೇಕು, ಇಳಿದರೆ ಆರಿಸಬೇಕು, ಈರುಳ್ಳಿ ಗಡ್ಡೆ ಕೊಳೆಯಬಾರದು. ಮಾತು ಕೊಟ್ಟವನು ಮಾತ್ರ ನಾನು. “ಮಾಲು ಗೋದಾಮಿಗೆ ಬರೂದ್ರೊಳಗ ಕೊಡ್ತೇವಿ” ಎಂದೆ. ಮಾತಿನ ಭರದಲ್ಲಿ “ಫೋನಿಗೂ ಖಬರ ಬರತೈತಿ” ಎಂದು ಸೇರಿಸಿಯೂ ಬಿಟ್ಟೆ.

ಇಂಥ ಪೆಟ್ಟಿಗೆಯೊಳಗೂ ಕರ್ನಲ್ ಎಂಬ ಮೂಲ ತಂತ್ರಾಂಶವೊಂದು ಇರುತ್ತದೆ. ಕರೆಂಟು ಬಂದ ಕೂಡಲೇ ಮೊದಲು ಏಳುವುದು ಅದು. ಯಾವ ಕೆಲಸ ಮೊದಲು, ಯಾರಿಗೆ ಎಷ್ಟು ಜಾಗ ಎಂದು ಹಂಚುವುದೂ ಅದೇ. ಜಗತ್ತಿನ ಎಲ್ಲ ಯಂತ್ರಗಳಿಗೂ ಒದಗಲಿ ಎಂದು ಬರೆದದ್ದರಿಂದ ಊರಗಲ ಬೆಳೆದಿದೆ. ನಮ್ಮ ಚಿಪ್‌ನಲ್ಲಿರುವ ಜಾಗವೋ ಅಂಗೈಯಗಲ. ಬೇಡದ್ದನ್ನು ಕಿತ್ತು ಕುಗ್ಗಿಸದೆ ಅದು ಹಿಡಿಸುವುದಿಲ್ಲ. ಅದಕ್ಕಾಗಿ ಕಂಪ್ಯೂಟರ್ ಒಂದೊಂದನ್ನೇ ಬೇಕೇ ಎಂದು ಕೇಳುತ್ತಾ ಹೋಗುತ್ತದೆ, ನಾವು ಹೌದು ಅಥವಾ ಇಲ್ಲ ಒತ್ತಬೇಕು. ಪ್ರಶ್ನೆಗಳು ಸಾವಿರಾರು. ತಂತಿ ಸುತ್ತಿದವನಿಗೆ ತಾಳ್ಮೆ ಇರುತ್ತದೆ ಎಂದು ಮಗಳು ಆ ಕೆಲಸವನ್ನು ನನಗೆ ಒಪ್ಪಿಸಿದಳು.

ಹಳೆಯ ಫ್ಲಾಪಿ ಬೇಕೇ? ಇರಲಿ. ಹವ್ಯಾಸಿ ರೇಡಿಯೋ? ಪಾಪ, ಇಷ್ಟು ಮರ್ಯಾದೆಯಿಂದ ಕೇಳುತ್ತಿದೆ, ಇರಲಿ. ವಿಡಿಯೋ ಆಟದ ಹಿಡಿಕೆ? ಅದೊಂದು ಯಾಕೆ ಬೇಜಾರು ಮಾಡಿಕೊಳ್ಳಬೇಕು?

ಸಂಜೆ ಮಗಳು ನೋಡಿ ಹಣೆ ಹಿಡಿದುಕೊಂಡಳು. “ಅಪ್ಪಾ, ತೆಳ್ಳಗ ಮಾಡು ಅಂದ್ರ ಬೀಗರ ಊಟಕ್ಕ ಕುಂದ್ರಿಸಿಯಲ್ಲ! ಮೊದಲಿಗಿಂತ ದಪ್ಪ ಆಗೇತಿ.”

ಅಂಗಡಿಯ ಹಿಂದೆಯೇ ನಮ್ಮ ಅಡುಗೆಮನೆ. ಅಲ್ಲಿಂದ ಹೆಂಡತಿ ಗಂಗವ್ವ ಕೂಗಿದಳು: “ಅದೇನ್ ಹೊಸಾದಲ್ಲ ಬಿಡವಾ. ಮದುವ್ಯಾಗ ಅಯ್ನೋರು ಕೇಳೂದ್ರೊಳಗ ಹೂಂ ಅಂದಾರ ಇವರು.”

ತಪ್ಪು ನನ್ನೊಬ್ಬನದೇ ಅಲ್ಲ ಎಂದು ವಾದಿಸಬಹುದಿತ್ತು. ನಮ್ಮ ಕಡೆ ಊಟಕ್ಕೆ ಕುಳಿತವನ ‘ಸಾಕು’ ಎಂಬ ಮಾತನ್ನು ಯಾರೂ ನಂಬುವುದಿಲ್ಲ. ತಾಟಿಗೆ ಅಡ್ಡ ಹಿಡಿದ ಕೈಯ ಮೇಲೆಯೇ ಹೋಳಿಗೆ ಇಡುತ್ತಾರೆ. ಬೇಡ ಎಂದವನಿಗೆ ಸೊಕ್ಕು, ಹೂಂ ಎಂದವನು ದೊಡ್ಡ ಮನುಷ್ಯ. ನಾನು ಆ ದೊಡ್ಡಸ್ತಿಕೆಗೆ ಬಿದ್ದವನು. ಸುಟ್ಟ ಪಂಪ್ ಮೋಟಾರ್ ತಂದ ಲಕ್ಷ್ಮೇಶ್ವರದವನಿಗೂ ಮುಂಡರಗಿಯವನಿಗೂ ಒಂದೇ ನಾಳೆಯನ್ನು ಕೊಟ್ಟು, ಇಬ್ಬರನ್ನೂ ಅಂಗಡಿಯ ಕಟ್ಟೆಯ ಮೇಲೆ ದಿನವಿಡೀ ಕೂಡಿಸಿದ್ದುಂಟು. ಅತ್ತ ಅವರ ಬೆಳೆ ಬಾಡುತ್ತಿತ್ತು, ಇತ್ತ ನಾನು ಚಹಾ ತರಿಸಿ ಒಳ್ಳೆಯವನಾಗುತ್ತಿದ್ದೆ. ನೆನೆದರೆ ಈಗ ಮುಖ ಸಣ್ಣದಾಗುತ್ತದೆ.

ಮರುದಿನ ಕನ್ನಡಕ ಒರೆಸಿಕೊಂಡು ಕುಳಿತಾಗ, ಬಹಳಷ್ಟು ಪ್ರಶ್ನೆಗಳ ಕೆಳಗೆ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಒಂದೇ ಬುದ್ಧಿವಾದ ಕಂಡಿತು: ಖಾತ್ರಿ ಇಲ್ಲದಿದ್ದರೆ ಬೇಡ ಎನ್ನಿ. ನಾನು ಬದುಕಿದ್ದು ಇದರ ತಿರುಗುಮುರುಗು. ಅವತ್ತೇ ಹಟ ಹಿಡಿದೆ. ಒಂದನ್ನು ಕೀಳುವುದು, ಮತ್ತೆ ಕಟ್ಟುವುದು, ಪೆಟ್ಟಿಗೆ ಏಳುತ್ತದೆಯೇ ನೋಡುವುದು. ಏಳದಿದ್ದರೆ ತಿರುಗಿ ಹಾಕುವುದು. ಫ್ಲಾಪಿ ಹೋಯಿತು, ರೇಡಿಯೋ ಹೋಯಿತು. ಹುರುಪಿನಲ್ಲಿ ಒಮ್ಮೆ ಪೆಟ್ಟಿಗೆಯ ಮಾತನ್ನು ನಮ್ಮ ಪರದೆಗೆ ತರುವ ಭಾಗಕ್ಕೇ ಕತ್ತರಿ ಹಾಕಿದೆ. ಪರದೆ ಕಪ್ಪಾಯಿತು. ಪೆಟ್ಟಿಗೆ ಸತ್ತಿತೆಂದು ಮಗಳನ್ನು ಕೂಗಿದೆ.

“ಸತ್ತಿಲ್ಲಪ್ಪಾ, ನೀ ಅದರ ಬಾಯಿ ಕಟ್ಟಿ ಅಷ್ಟ,” ಎಂದು ಮಗಳು ನಕ್ಕಳು.

ವಾರಗಟ್ಟಲೆ ಕಿತ್ತ ಮೇಲೂ ಇನ್ನೊಂದು ಚೂರು ಚಿಪ್‌ನಲ್ಲಿ ಹಿಡಿಸದೆ ಮಿಕ್ಕುತ್ತಿತ್ತು. ಉಳಿದ ದೊಡ್ಡ ಭಾಗ ಒಂದೇ, ಹೊರಗಿನ ಜಗತ್ತಿನೊಡನೆ ಮಾತಾಡುವ ನೆಟ್‌ವರ್ಕ್. ಅದನ್ನು ಕಿತ್ತರೆ ಕರ್ನಲ್ ಹಿಡಿಸುತ್ತದೆ, ಆದರೆ ಫೋನಿಗೆ ಖಬರ ಹೋಗುವುದಿಲ್ಲ. ದೊಡ್ಡ ಚಿಪ್ ತರಿಸಿದರೆ ಬೋರ್ಡನ್ನೇ ಹೊಸದಾಗಿ ಮಾಡಬೇಕು. ಅಷ್ಟರಲ್ಲಿ ಮಾಲು ಗೋದಾಮಿಗೆ ಬಂದು ಕೊಳೆಯಲು ಶುರುವಾಗಿರುತ್ತದೆ, ಮಗಳ ಹೆಸರೂ ಅದರ ಜೊತೆಗೆ.

“ಹೂಂ ಅಂದಾಂವ ನೀ,” ಎಂದಳು ಶಶಿಕಲಾ. “ಆಗೂದಿಲ್ಲ ಅಂತ ನೀನ ಹೇಳಿ ಬಾ.”

ಶಿಗ್ಲಿಯ ದಾರಿಯುದ್ದಕ್ಕೂ ಬಸ್ಸಿನಲ್ಲಿ ಆ ಒಂದು ಮಾತನ್ನು ಬಾಯಿಪಾಠ ಮಾಡಿದೆ. ಫಕ್ಕೀರಪ್ಪ ಗೋದಾಮಿನಲ್ಲಿ ಬಿದಿರಿನ ತಟ್ಟಿ ಕಟ್ಟುತ್ತಿದ್ದ. “ಬರ್ರಿ ಕಾಕಾ, ಚಾ ಕುಡಿಯೂಣು” ಎಂದ. ಚಹಾ ಒಳಗೆ ಹೋದರೆ ಮಾತು ಹೊರಗೆ ಬರುವುದಿಲ್ಲವೆಂದು ನಿಂತಲ್ಲೇ ಹೇಳಿಬಿಟ್ಟೆ: “ಫೋನಿಗೆ ಖಬರ ಬರೂದಿಲ್ಲ, ಫಕ್ಕೀರಪ್ಪಾ. ಫ್ಯಾನ್ ಅಷ್ಟ ಆಗತೈತಿ. ಗೊತ್ತಿಲ್ದ ಮಾತು ಕೊಟ್ಟಿದ್ದೆ, ತಪ್ಪಾತು.”

ಅವನು ಹಗ್ಗ ಕೆಳಗಿಟ್ಟು ನನ್ನನ್ನೇ ನೋಡಿದ.

“ಫೋನು ಯಾರ್ ಕೇಳ್ಯಾರ್ರಿ ಕಾಕಾ? ಗೋದಾಮು ನಮ್ಮ ಹಿತ್ತಲದಾಗ ಐತಿ. ಫ್ಯಾನ್ ತಿರಗಿದ್ರ ಹಾಸಿಗ್ಯಾಗ ಕೇಳಸ್ತೈತಿ. ನೀವು ಅಷ್ಟ ಪ್ರೀತಿಲೆ ಹೇಳಾಕತ್ತಿದ್ರಿ, ಹೆಂಗ ಬ್ಯಾಡ ಅನ್ನೂದು ಅಂತ ನಾನೂ ಹೂಂ ಅಂದೆ!”

ಬಸ್ಸಿಗೆ ಕಾಯುತ್ತಲೇ ಮಗಳಿಗೆ ಫೋನ್ ಮಾಡಿ, ನೆಟ್‌ವರ್ಕ್ ಕಿತ್ತುಹಾಕು ಎಂದೆ. ಕರ್ನಲ್ ಹಿಡಿಸಿತು, ಪೆಟ್ಟಿಗೆ ಮಾಲಿಗಿಂತ ಮೊದಲೇ ಶಿಗ್ಲಿ ಮುಟ್ಟಿ, ಈಗ ಸುಮ್ಮನೆ ಉಳ್ಳಾಗಡ್ಡಿ ಕಾಯುತ್ತಿದೆ. ಇಬ್ಬರು ಸಂಭಾವಿತರು ಸೇರಿ, ಇಬ್ಬರಿಗೂ ಬೇಡವಾದದ್ದನ್ನು ಅದರ ಪುಟ್ಟ ತಲೆಗೆ ತುರುಕಲು ಹೊರಟಿದ್ದೆವು.