ವಜ್ರದ ಕಾರ್ಡಿಗೆ ನೂರು ರಾತ್ರಿ

ಗದಿಗೆಪ್ಪ ರಾಣೆಬೆನ್ನೂರಿನ ಹತ್ತಿ ಮಿಲ್ಲಿನ ಹಮಾಲನ ಮಗ. ಡಿಪ್ಲೊಮಾ ಮುಗಿಸಿ ಬಂದು ಪೀಣ್ಯದ ಲೇತ್ ಕಾರ್ಖಾನೆಯೊಂದರಲ್ಲಿ ಸರ್ವಿಸ್ ಎಂಜಿನಿಯರ್ ಆಗಿದ್ದ. ಮಾರಾಟವಾದ ಯಂತ್ರವನ್ನು ಗಿರಾಕಿಯ ಊರಿಗೇ ಹೋಗಿ ಕೂರಿಸುವುದು, ಓಡಿಸಿ ತೋರಿಸುವುದು, ಸರಿಯಿದೆ ಎಂದು ಸಹಿ ಹಾಕಿಸಿಕೊಂಡು ಬರುವುದು ಅವನ ಕೆಲಸ. ಕಾರ್ಖಾನೆಯಲ್ಲಿ ಅವನಿಗೊಂದು ಕುರ್ಚಿಯೂ ಇರಲಿಲ್ಲ. ಊರೂರು ತಿರುಗುವವನಿಗೆ ಕುರ್ಚಿ ಯಾಕೆ ಎಂದು ಮ್ಯಾನೇಜರು ಕೇಳಿದ್ದರು. ಎಂಟು ವರ್ಷ ದುಡಿದ ಮೇಲೂ ಮಾಲೀಕರು ಅವನನ್ನು ಗಂಗಪ್ಪ ಎಂದೇ ಕರೆಯುತ್ತಿದ್ದರು. ತಿದ್ದುವ ಧೈರ್ಯ ಅವನಿಗೆ ಬಂದಿರಲಿಲ್ಲ.

ಅವನನ್ನು ಸರಿಯಾದ ಹೆಸರಿನಿಂದ ಕರೆದದ್ದು ಹೋಟೆಲಿನವರು. ಕಂಪನಿಯ ಒಪ್ಪಂದದಂತೆ ಎಲ್ಲಿ ಹೋದರೂ ಅವನು ಊರೂರಲ್ಲಿ ಶಾಖೆಯಿದ್ದ ನೀಲಶಿಖರ ಎಂಬ ಹೋಟೆಲಿನಲ್ಲೇ ಇಳಿಯಬೇಕಿತ್ತು. ಆ ಹೋಟೆಲುಗಳವರು ಹೊಸದಾಗಿ ಕಾರ್ಡು ತಂದಿದ್ದರು. ವರ್ಷದಲ್ಲಿ ಇಪ್ಪತ್ತೈದು ರಾತ್ರಿ ತಂಗಿದರೆ ಬೆಳ್ಳಿ, ಐವತ್ತಕ್ಕೆ ಚಿನ್ನ, ನೂರಕ್ಕೆ ವಜ್ರ. ಚಿನ್ನದ ಕಾರ್ಡು ಬಂದಾಗಲೇ ಸ್ವಾಗತದ ಮೇಜಿನವರು ಎದ್ದು ನಿಂತು ‘ಬನ್ನಿ ಗದಿಗೆಪ್ಪ ಸಾರ್’ ಅನ್ನತೊಡಗಿದ್ದರು. ವಜ್ರದವರಿಗಾದರೆ ಜನರಲ್ ಮ್ಯಾನೇಜರೇ ಬಾಗಿಲಿಗೆ ಬರುತ್ತಾರಂತೆ. ಹೆಂಡತಿ ಮಕ್ಕಳೊಂದಿಗೆ ಮೂರು ದಿನ ಸಮುದ್ರದ ದಡದ ಹೋಟೆಲಿನಲ್ಲಿ ಪುಕ್ಕಟೆ ವಾಸವಂತೆ. ತೊಂಬತ್ತೇಳನೆಯ ಇಸವಿ ಪೂರ್ತಿ ಅವನು ಬೇರೆಯವರ ಪಾಲಿನ ಟೂರುಗಳನ್ನೂ ಕೇಳಿ ಪಡೆದುಕೊಂಡ. ಕಂಪನಿ ಕಳಿಸುತ್ತದೆ, ಏನು ಮಾಡಲಿ ಎಂದು ಮನೆಯಲ್ಲಿ ಹೇಳುತ್ತಿದ್ದ.

ಮನೆ ಟಿ. ದಾಸರಹಳ್ಳಿಯಲ್ಲಿ, ಚಿಕ್ಕಬೈರಪ್ಪನವರ ಮಹಡಿಯ ಮೇಲೆ. ಹೆಂಡತಿ ಉಮಾಶ್ರೀ ಮದುವೆಯಾದ ಐದು ವರ್ಷಕ್ಕೆ ಬಸುರಾಗಿದ್ದಳು. ಏಳು ತಿಂಗಳು ನಡೆಯುತ್ತಿತ್ತು. ಸಂಕ್ರಾಂತಿ ಕಳೆದ ಮೇಲೆ ಅವಳ ತಾಯಿ ಮಲಕವ್ವ ರಾಣೆಬೆನ್ನೂರಿನಿಂದ ಬಂದು, ಕುಬಸ ಮಾಡಿ ತವರಿಗೆ ಕರೆದೊಯ್ಯುವುದೆಂದು ಮಾತಾಗಿತ್ತು.

ಡಿಸೆಂಬರಿನಲ್ಲಿ ಗದಿಗೆಪ್ಪ ಕೊಯಮತ್ತೂರಿನ ಪಂಪು ತಯಾರಿಸುವ ಕಾರ್ಖಾನೆಯೊಂದಕ್ಕೆ ಹೋದ. ಅಲ್ಲಿನ ಯಂತ್ರ ಶುಕ್ರವಾರ ಮಧ್ಯಾಹ್ನವೇ ಪಾಸಾಗಿ ಗಿರಾಕಿಯ ಸಹಿಯೂ ಬಿತ್ತು. ಅಷ್ಟು ಹೊತ್ತಿಗೆ ಅವನ ಲೆಕ್ಕ ತೊಂಬತ್ತೆಂಟು ರಾತ್ರಿ. ವರ್ಷ ಮುಗಿಯುವುದರೊಳಗೆ ಬೇರೆ ಟೂರು ಇರಲಿಲ್ಲ. ಆಫೀಸಿಗೆ ಫೋನು ಮಾಡಿ, ಆಯಿಲ್ ಸೋರುತ್ತಿದೆ, ಭಾನುವಾರದವರೆಗೆ ಇರಬೇಕಾಗುತ್ತದೆ ಎಂದು ಸುಳ್ಳು ಹೇಳಿದ. ಆಫೀಸಿಗೆ ಅವನು ಹೇಳಿದ ಮೊದಲ ಸುಳ್ಳು ಅದು. ಎಷ್ಟು ಸಲೀಸಾಗಿ ಬಾಯಿಗೆ ಬಂತೆಂದು ಅವನಿಗೇ ಆಶ್ಚರ್ಯವಾಯಿತು.

ಶನಿವಾರ ಸಂಜೆ ಕೋಣೆಯ ಫೋನು ಬಡಿದುಕೊಂಡಿತು. ಚಿಕ್ಕಬೈರಪ್ಪನವರ ಹೆಂಡತಿ ಲಕ್ಷ್ಮಮ್ಮ.

“ಗದಿಗೆಪ್ನೋರೇ, ಉಮಾಶ್ರೀಗೆ ಒಟ್ಟೆನೋವು ಬಂದೈತೆ. ಡಾಕ್ಟ್ರಮ್ಮ ನರ್ಸಿಂಗ್ ಹೋಮ್ನಾಗೇ ಮಡಿಕ್ಕಂಡವ್ರೆ. ನೀವು ಈಗ್ಲೇ ಒಂಟು ಬಂದ್ಬುಟ್ರೆ ವಾಸಿ.”

ರಾತ್ರಿಯ ಬಸ್ಸು ಹತ್ತಿದರೆ ಬೆಳಗಾಗುವಷ್ಟರಲ್ಲಿ ಊರು. ಅವನು ಗೋಡೆಯ ಗಡಿಯಾರ ನೋಡಿದ. ಹೋದ ತಿಂಗಳೂ ಹೀಗೇ ನೋವು ಬಂದು ತಾನಾಗಿ ಹೋಗಿತ್ತಲ್ಲ ಎಂದುಕೊಂಡ. “ಕೆಲಸ ಮುಗದಿಲ್ಲ ಅಮ್ಮ,” ಅಂದ. “ನಾಳೆ ಬೆಳಗ್ಗೆ ಹೊರಡ್ತೀನಿ.” ಲಕ್ಷ್ಮಮ್ಮ ಆಗಲಿ ಎಂದು ಫೋನಿಟ್ಟರು.

ಭಾನುವಾರ ಅವನು ಬಂದು ಸೇರುವಾಗ ಸಂಜೆಯಾಗಿತ್ತು. ಬೆಳಗಿನ ಜಾವವೇ ಹೆರಿಗೆಯಾಗಿ, ಹೆಣ್ಣು ಕೂಸು ಉಸಿರಿಲ್ಲದೆ ಹುಟ್ಟಿತ್ತು. ಅಪ್ಪನಿಗಾಗಿ ಮಧ್ಯಾಹ್ನದವರೆಗೆ ಕಾದು, ಚಿಕ್ಕಬೈರಪ್ಪನವರು ಅದನ್ನು ತಮ್ಮ ರಾಗಿ ಹೊಲದ ಮೂಲೆಯಲ್ಲಿ ತಾವೇ ಮಣ್ಣು ಮಾಡಿ ಬಂದಿದ್ದರು. ಮಗಳು ಹೇಗಿದ್ದಳೆಂದು ಕೇಳಲು ಗದಿಗೆಪ್ಪನಿಗೆ ಬಾಯಿ ಬರಲಿಲ್ಲ. ಎರಡು ದಿನ ಬಿಟ್ಟು ಲಕ್ಷ್ಮಮ್ಮನವರೇ, ತಲೆತುಂಬ ಕೂದಲಿತ್ತು ಎಂದಷ್ಟು ಹೇಳಿದರು. ಮಲಕವ್ವ ಊರಿಂದ ಬಂದು ಬಾಣಂತನಕ್ಕೆ ನಿಂತಳು. ತೊಟ್ಟಿಲಿಲ್ಲದ ಬಾಣಂತನ. ಉಮಾಶ್ರೀ ಅಳಲಿಲ್ಲ. ಗಂಡನ ಮೇಲೆ ದೂರನ್ನೂ ಹೇಳಲಿಲ್ಲ. ಅವರ ಕೆಲಸವೇ ಅಂಥದು ಎಂದು ತಾಯಿಗೆ ತಾನೇ ಸಮಾಧಾನ ಹೇಳಿದಳು.

ಜನವರಿ ಕೊನೆಯಲ್ಲಿ ಕಾರ್ಡು ಬಂತು. ಅದೇ ವಾರ ಗೆಳೆಯ ಶ್ರೀಧರ್ ಮಾತಾಡಿಸಿಕೊಂಡು ಹೋಗಲು ಬಂದ. ಆಫೀಸಿನಲ್ಲಿ ಟೂರಿನ ಕಾಗದಪತ್ರ ನೋಡುವವನು ಅವನೇ. ಕೊಯಮತ್ತೂರಿನವರ ಸಹಿ ಶುಕ್ರವಾರದ್ದು, ಇವನೇಕೆ ಭಾನುವಾರದವರೆಗೆ ಅಲ್ಲಿದ್ದ ಎಂದು, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ ಕೇಳಿಬಿಟ್ಟ. ಕಾಫಿ ತಂದ ಉಮಾಶ್ರೀ ಬಾಗಿಲಲ್ಲೇ ನಿಂತಿದ್ದಳು.

ಶ್ರೀಧರ್ ಹೋದ ಮೇಲೆ ಅವಳು ಗಂಡನ ಎದುರು ಬಂದು ಕುಳಿತಳು.

“ನೀವು ಬಂದಿದ್ರ ಕೂಸು ಉಳೀತಿತ್ತು ಅಂತ ನಾ ಹೇಳಂಗಿಲ್ರೀ. ಯಾಕ ಉಳದ್ರಿ, ಅಷ್ಟು ಹೇಳ್ರಿ.”

ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಕೇಳಿ ಪಡೆದುಕೊಂಡ ಟೂರುಗಳ ವಿಷಯವನ್ನೂ ಮುಚ್ಚಿಡಲಿಲ್ಲ. ಅವಳು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದಳು. ಆಮೇಲೆ ತಿಂಗಳುಗಟ್ಟಲೆ ಉಪ್ಪು, ಗ್ಯಾಸು, ನೀರು ಬಿಟ್ಟರೆ ಬೇರೆ ಮಾತಿರಲಿಲ್ಲ.

ಬೇಸಿಗೆಯಲ್ಲಿ, ಊರಿಗೆ ಹೊರಟು ನಿಂತ ಮಲಕವ್ವನೇ ಒತ್ತಾಯ ಮಾಡಿದಳು: ಎಲ್ಲಿಗಾದರೂ ಹೋಗಿ ಬನ್ನಿ, ಹಿಂಗ ಒಂದು ಮನ್ಯಾಗ ಎರಡು ಕಲ್ಲು ಕುಂತಂಗ ಎಷ್ಟು ದಿನ? ಉಮಾಶ್ರೀ ಬೇಡ ಅನ್ನಲಿಲ್ಲ. ಕೈಯಲ್ಲಿದ್ದದ್ದು ವಜ್ರದ ಕಾರ್ಡಿನ ಆ ಮೂರು ದಿನವೇ; ಇಬ್ಬರೂ ಕೊಚ್ಚಿಗೆ ಹೋದರು. ಟ್ಯಾಕ್ಸಿ ನಿಲ್ಲುತ್ತಲೇ ಸೂಟು ತೊಟ್ಟ ಜನರಲ್ ಮ್ಯಾನೇಜರು ಮೆಟ್ಟಿಲಿಳಿದು ಬಂದು, ಶ್ರೀಗಂಧದ ಹಾರ ಹಾಕಿ, ಗದಿಗೆಪ್ಪ ಸಾರ್ ನಮ್ಮಲ್ಲಿಗೆ ಬಂದದ್ದು ನಮ್ಮ ಭಾಗ್ಯ ಎಂದು ನಾಲ್ಕು ಜನರೆದುರು ಹೇಳಿದರು. ಲಾಬಿಯಲ್ಲಿ ಕುಳಿತವರು ತಿರುಗಿ ನೋಡಿದರು. ಏನೆಲ್ಲ ಆಗಿಹೋಗಿತ್ತು, ಆದರೂ ಅವನ ಎದೆ ಉಬ್ಬಿತು, ಮುಖ ತಾನಾಗಿ ಅರಳಿತು. ಪಕ್ಕದಲ್ಲಿದ್ದ ಉಮಾಶ್ರೀ ಆ ಮುಖವನ್ನು ನೋಡಿದಳು. ಅವಳು ನೋಡಿದ್ದು ಅವನಿಗೂ ಗೊತ್ತಾಯಿತು. ಅರಳಿದ್ದನ್ನು ಮರಳಿ ಮಡಚಿಕೊಳ್ಳಲು ಅವನಿಂದ ಆಗಲಿಲ್ಲ.

ಕೋಣೆಗೆ ಹೋದ ಮೇಲೆ ಅವಳು ಮಂಚದ ಮೇಲೆ ಕೂರಲಿಲ್ಲ. ಕಿಟಕಿಯ ಆಚೆಗಿನ ಸಮುದ್ರವನ್ನು ಒಂದಷ್ಟು ಹೊತ್ತು ನೋಡಿ, ನನ್ನನ್ನು ಅವ್ವನ ಹತ್ತಿರ ಬಿಟ್ಟು ಬನ್ನಿ ಎಂದಳು. ಆ ದಿನವೇ ಹೊರಟು, ಮರುದಿನ ಸಂಜೆ ರಾಣೆಬೆನ್ನೂರು ಸೇರಿದರು.

ಗದಿಗೆಪ್ಪ ಟೂರು ಬಿಟ್ಟು, ಕಾರ್ಖಾನೆಯ ಜೋಡಣೆ ವಿಭಾಗಕ್ಕೆ ಹಾಕಿಸಿಕೊಂಡ. ತಿಂಗಳಿಗೊಮ್ಮೆ ಊರಿಗೆ ಹೋಗುತ್ತಿದ್ದ. ಉಮಾಶ್ರೀ ಅಂಗನವಾಡಿಯಲ್ಲಿ ಕೆಲಸಕ್ಕೆ ಸೇರಿದ್ದಳು. ಅವನು ಬಂದಾಗ ರೊಟ್ಟಿ ಬಡಿದು ಬಡಿಸುತ್ತಿದ್ದಳು. ಹೋಗೋಣವಾ ಎಂದು ಅವನು ಕೇಳಿದಾಗಲೆಲ್ಲ ಈಗ ಬೇಡ ಅನ್ನುತ್ತಿದ್ದಳು. ಅದೇ ಆಸೆಯಲ್ಲಿ ಅವನು ಒಂದು ವರ್ಷ ಕಳೆದ. ತೊಂಬತ್ತೊಂಬತ್ತರ ಯುಗಾದಿ ಕಳೆದ ಮೇಲೆ ಅವನು ಹೋದಾಗ, ಊಟ ಮುಗಿದ ಮೇಲೆ ಅವಳು ಮೆಲ್ಲಗೆ ಹೇಳಿದಳು:

“ನಿಮ್ಮ ಮ್ಯಾಲ ಸಿಟ್ಟಿಲ್ರೀ ನನಗ. ಸಿಟ್ಟರ ಇದ್ದಿದ್ರ ಬರತಿದ್ನೇನೋ. ಇನ್ನ ಬರಬ್ಯಾಡ್ರಿ.”

ಅವನು ತಲೆಯಾಡಿಸಿದ. ಮಲಕವ್ವ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಬಸ್‌ಸ್ಟ್ಯಾಂಡಿನವರೆಗೆ ನಡೆದೇ ಹೋಗಿ ತುಮಕೂರು ಮಾರ್ಗದ ಬಸ್ಸು ಹತ್ತಿದ. ಸೋಮವಾರ ಬೆಳಗ್ಗೆ ಏಳಕ್ಕೆ ಪೀಣ್ಯದ ಗೇಟಿನಲ್ಲಿ ಹಾಜರಿ ಹಾಕಿದ.