ದಾನವಲ್ಲ, ಹಗೇವಿನ ರಾಗಿ

ಗೆಳತಿಯರೇ, ಇವತ್ತು ಹೆಬ್ಬಾಳದ ನಮ್ಮ ಆಸ್ಪತ್ರೆಯಲ್ಲಿ ನಡೆದದ್ದನ್ನು ಈಗಲೇ ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ!

ಬಾಗಲೂರಿನಿಂದ ಎತ್ತಿನ ಗಾಡಿಯಲ್ಲಿ ಬಂದ ಮುನಿಯಪ್ಪನವರಿಗೆ ಇವತ್ತು ಆಪರೇಷನ್. ವಕ್ರವಾಗಿ ಕೂಡಿಕೊಂಡಿದ್ದ ತೊಡೆಯ ಮೂಳೆಯನ್ನು ಸರಿಪಡಿಸಬೇಕಿತ್ತು. ಅವರ ಗುಂಪಿನ ರಕ್ತ ಎಲ್ಲೂ ಸಿಗದೆ, ಹೋದ ವಾರವೇ ಅವರದೇ ರಕ್ತ ತೆಗೆದು ಫ್ರಿಜ್ಜಿನಲ್ಲಿಟ್ಟಿದ್ದೆವು. ನಮ್ಮಲ್ಲಿ ಇದು ಮೊಟ್ಟಮೊದಲು! ಬೆಳಿಗ್ಗೆ ಗಾಜಿನ ಸೀಸೆಯನ್ನು ಹಸುಗೂಸಿನಂತೆ ಎತ್ತಿಕೊಂಡು ಓಡಿದೆ.

ಸ್ಟ್ರೆಚರ್ ಮೇಲಿದ್ದ ಮುನಿಯಪ್ಪ ಕೈ ಅಡ್ಡ ಹಿಡಿದರು. “ಅದು ನಂಗೆ ಬ್ಯಾಡ ಕಣವ್ವ.”

“ನಿಮ್ದೇ ರಕ್ತ ಕಣ್ರೀ!”

“ಅದ್ಕೇ ಬ್ಯಾಡ ಅಂದಿದ್ದು. ಓದ್ವಾರ ತಗಿಯೋವಾಗ ರಕ್ತದಾನ ಅಂತ ನೀನೇ ಏಳಿದ್ದೆ. ದಾನ ಕೊಟ್ಟಿದ್ನ ವಾಪಸ್ ಈಸ್ಕೊಂಡ್ರೆ ಮೇಲಿಂದ ನಮ್ಮಪ್ಪ ಉಗೀತಾನೆ.”

ಡಾಕ್ಟರು ಅರ್ಧ ಇಂಗ್ಲಿಷಿನಲ್ಲಿ ವಿವರಿಸಿದರು. ಮುನಿಯಪ್ಪ ಕಣ್ಣು ಮುಚ್ಚಿಕೊಂಡರು. ರಕ್ತವಿಲ್ಲದೆ ಚಾಕು ಮುಟ್ಟುವುದಿಲ್ಲ ಎಂದು ಡಾಕ್ಟರು ಕೈಗವಸು ಬಿಚ್ಚತೊಡಗಿದರು. ನಾನು ಕೊಡಿಗೇಹಳ್ಳಿ ರೈತನ ಮಗಳಲ್ಲವೇ, ತಟ್ಟನೆ ಒಂದು ಉಪಾಯ ಹೊಳೆಯಿತು.

“ಯಜಮಾನ್ರೇ, ಸುಗ್ಗೀಲಿ ನೆಲದಡಿ ಹಗೇವಿಗೆ ರಾಗಿ ತುಂಬಿಡ್ತೀರಲ್ಲ, ಅದು ದಾನಾನಾ? ಬೇಕಾದಾಗ ತೆಗೆದು ಉಣ್ಣಲ್ವಾ?”

ಅವರು ಒಂದು ಕಣ್ಣು ತೆರೆದು ಸೀಸೆಯನ್ನು ದಿಟ್ಟಿಸಿದರು. “ಅಂಗನ್ನು ಮತ್ತೆ! ಉಳ ಗಿಳ ಬಿದ್ದಿಲ್ಲ ತಾನೆ?”

ಆಪರೇಷನ್ ಚೆನ್ನಾಗಿ ಆಯಿತು. ನನಗಿನ್ನೂ ಕಾಲು ನೆಲದ ಮೇಲಿಲ್ಲ. ಸಂಜೆ ನಾನು ಫ್ರಿಜ್ಜಿನ ಬಾಗಿಲು ತೆರೆದಿಟ್ಟು ಎಲ್ಲರಿಗೂ ಇದೇ ಕಥೆ ಹೇಳುತ್ತಿದ್ದರೆ, ಡಾಕ್ಟರು ವಾರ್ಡಿನ ಆ ತುದಿಯಿಂದ ಕೂಗಿದರು: “ಸಿಸ್ಟರ್, ಮೊದಲು ಆ ಹಗೇವು ಮುಚ್ಚಿ!”